ಬಾಟ್‌ಗೆ ನೆನಪು ಕೊಡುವ ಬಗೆ: ಚಾಟ್ ಬಾಟ್ ಪ್ಲಗಿನ್‌ಗಳಲ್ಲಿ ಕೀ–ವ್ಯಾಲ್ಯೂ ಸಂಗ್ರಹ

ಡೊಂಬಿವಲಿಯ ಒಂದು ಕನ್ನಡ ಸಂಘದ ಟೆಲಿಗ್ರಾಮ್ ಗುಂಪು ಎಂದಿಟ್ಟುಕೊಳ್ಳಿ. ಗುಂಪಿಗೊಂದು ಬಾಟ್ (ಸಂದೇಶಗಳಿಗೆ ತಾನೇ ಉತ್ತರಿಸುವ ಪ್ರೋಗ್ರಾಮ್), ಬಾಟ್‌ಗೆ ಮೂರು ಪ್ಲಗಿನ್, ಅಂದರೆ ಒಂದೊಂದು ಕೆಲಸಕ್ಕೆ ಜೋಡಿಸಿದ ಬಿಡಿ ಭಾಗ. ತಿಂಗಳ ವಂತಿಗೆ ಯಾರು ಕೊಟ್ಟರು, ಯಾರು ಬಾಕಿ ಎಂದು ಗುರುತಿಡುವುದು ‘ವಂತಿಗೆ’. ಗಣೇಶನ ಹಬ್ಬಕ್ಕೋ ದೀಪಾವಳಿಗೋ ಊರಿಗೆ ಹೊರಟವರನ್ನು ಒಟ್ಟುಗೂಡಿಸುವುದು ‘ಜೊತೆ’. ಮಾಟುಂಗಾದಲ್ಲಿ ಬಾಳೆಲೆ ಎಲ್ಲಿ ಸಿಗುತ್ತದೆ ಎಂಬಂಥ, ವರ್ಷಕ್ಕೆ ಹತ್ತು ಸಲ ಬರುವ ಪ್ರಶ್ನೆಗೆ ಸಿದ್ಧ ಉತ್ತರ ಕೊಡುವುದು ‘ಉತ್ತರ’. ಬಾಟ್ ನಡೆಯುವುದು ಸದಸ್ಯರೊಬ್ಬರ ಮನೆಯ ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) ಮೇಲೆ, ಇಲ್ಲವೇ ತಿಂಗಳ ಬಾಡಿಗೆಯ ಸಣ್ಣ ಸರ್ವರ್ ಮೇಲೆ. ಒಂದು ದಿನ ಕರೆಂಟ್ ಹೋಗಿ ಬರುತ್ತದೆ. ಬಾಟ್ ತಾನಾಗಿ ಎದ್ದು ನಮಸ್ಕಾರ ಹೇಳುತ್ತದೆ, ಆದರೆ ವಂತಿಗೆ ಪಟ್ಟಿ ಖಾಲಿ. ಪಟ್ಟಿ ಇದ್ದದ್ದು ಪ್ರೋಗ್ರಾಮಿನ ಒಂದು ವೇರಿಯಬಲ್‌ನಲ್ಲಿ, ಅಂದರೆ ಕರೆಂಟ್ ಹೋದರೆ ಅಳಿಯುವ ಬರೀ ರ‍್ಯಾಮ್‌ನಲ್ಲಿ.

ಇದಕ್ಕೆ ದೊಡ್ಡ ಡೇಟಾಬೇಸ್ ಸರ್ವರ್ ಬೇಡ. ಒಂದು ಹೆಸರು (ಕೀ), ಅದರ ಎದುರಿಗೆ ಒಂದು ಮೌಲ್ಯ (ವ್ಯಾಲ್ಯೂ), ಎರಡೂ ಡಿಸ್ಕಿನಲ್ಲಿ ಉಳಿಯಬೇಕು, ಅಷ್ಟೇ. ಆದರೆ ಬಹಳ ಮಂದಿ ಯಾವ ಡೇಟಾಬೇಸ್ ಎಂಬ ಚರ್ಚೆಯಲ್ಲಿ ವಾರ ಕಳೆದು, ಕೀ ಹೇಗಿರಬೇಕು ಎಂಬುದನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಆಗಬೇಕಾದದ್ದು ಇದರ ತಿರುಗು ಮುರುಗು.

ಎಲ್ಲಿ ಇಡುವುದು

ಮೊದಲ ಆಯ್ಕೆಯಾಗಿ ಎಲ್ಲರ ಕೈಗೂ ಬರುವುದು ಜೇಸನ್ ಫೈಲ್, ಅಂದರೆ ಹೆಸರು–ಮೌಲ್ಯಗಳನ್ನು ಪಠ್ಯವಾಗಿ ಬರೆದಿಡುವ ರೂಪ. ಪ್ರತಿ ಸಲ ಇಡೀ ಫೈಲನ್ನು ಬರೆಯುತ್ತೀರಿ. ಬರೆಯುವ ನಡುವೆ ಕರೆಂಟ್ ಹೋದರೆ ಅರ್ಧ ಫೈಲ್ ಉಳಿದು, ಮರುದಿನ ಬಾಟ್ ಏಳುವುದೇ ಇಲ್ಲ. ಜೇಸನ್ನೇ ಬೇಕೆಂದರೆ ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜಕ್ಕೂ ಡಿಸ್ಕಿಗೆ ಇಳಿಯುವಂತೆ ಮಾಡಿ), ಆಮೇಲೆ ಹಳೆಯದರ ಮೇಲೆ ಮರುಹೆಸರಿಸಿ. ಬಾಟ್ ಬರೆಯಲು ಬಳಸುವ ಪೈಥಾನ್ ಭಾಷೆಯಲ್ಲಿ ಇದಕ್ಕೆ ಓಎಸ್ ಮಾಡ್ಯೂಲಿನ ‘ರಿಪ್ಲೇಸ್’ ಇದೆ. ಒಂದೇ ಫೈಲ್ ಸಿಸ್ಟಮ್ಮಿನೊಳಗೆ ಮಾತ್ರ ಇದು ಒಂದೇ ಏಟಿಗೆ ಆಗುವ ಕೆಲಸ. ತಾತ್ಕಾಲಿಕ ಫೈಲನ್ನು ಬೇರೆ ಡಿಸ್ಕಿನಲ್ಲಿಟ್ಟರೆ ಆಗದು. ಇನ್ನೊಂದು ಮಾತು: ಜೇಸನ್‌ನಲ್ಲಿ ಕೀ ಯಾವಾಗಲೂ ಪಠ್ಯವೇ. ಸದಸ್ಯರ ಸಂಖ್ಯೆಯನ್ನು ಪೂರ್ಣಾಂಕವಾಗಿ ಇಟ್ಟು ತಿರುಗಿ ಓದಿದರೆ ಅದು ಪಠ್ಯವಾಗಿ ಬರುತ್ತದೆ. ಹುಡುಕಿದರೆ ಸಿಗುವುದಿಲ್ಲ, ಎರರ್ ಕೂಡ ಬಾರದೇ ಇರಬಹುದು.

ಪೈಥಾನ್‌ನ ಶೆಲ್ವ್ ಎಂಬ ಸಂಗ್ರಹ ಡಿಕ್ಷನರಿಯಂತೆಯೇ (ಕೀ–ಮೌಲ್ಯ ಜೋಡಿಗಳ ಕಟ್ಟಿನಂತೆಯೇ) ಕಾಣುತ್ತದೆ, ಆದ್ದರಿಂದ ಆಕರ್ಷಕ. ಆದರೆ ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ತೆರೆಯುವುದನ್ನು ಅದು ತಾಳದು. ಒಳಗೆ ಪಿಕಲ್ (ಪೈಥಾನ್ ವಸ್ತುಗಳನ್ನು ಬೈಟ್‌ಗಳಾಗಿ ಉಳಿಸುವ ವಿಧಾನ) ಬಳಸುವುದರಿಂದ, ನೀವೇ ಮಾಡಿದ ಕ್ಲಾಸಿನ ವಸ್ತುವನ್ನು ಇಟ್ಟು, ನಾಳೆ ಆ ಪ್ಲಗಿನ್ ಫೈಲಿನ ಹೆಸರು ಬದಲಿಸಿದರೆ ಹಳೆಯ ಡೇಟಾ ತೆರೆಯದು. ಬೇರೆಯವರು ಕಳಿಸಿದ ಪಿಕಲ್ ಫೈಲನ್ನಂತೂ ತೆರೆಯಲೇಬೇಡಿ. ತೆರೆಯುವಾಗಲೇ ಅದು ಯಾವ ಕೋಡನ್ನಾದರೂ ಓಡಿಸಬಲ್ಲದು.

ಡೇಟಾವನ್ನು ನೆನಪಿನಲ್ಲೇ ಇಡುವ ಡೇಟಾಬೇಸ್ ಸರ್ವರ್ ರೆಡಿಸ್ ಒಳ್ಳೆಯದೇ. ಆದರೆ ಬರೆದದ್ದನ್ನೆಲ್ಲ ಲಾಗ್ ಆಗಿ ಉಳಿಸುವ ಎಒಎಫ್ ಅದರಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ಆಗೊಮ್ಮೆ ಈಗೊಮ್ಮೆ ತೆಗೆಯುವ ಸ್ನ್ಯಾಪ್‌ಶಾಟ್ ಮಾತ್ರ ಇರುತ್ತದೆ. ಅಷ್ಟು ಹೊತ್ತಿನ ವಂತಿಗೆ ಹೋದರೂ ಪರವಾಗಿಲ್ಲ ಎನ್ನುವ ಖಜಾಂಚಿ ಸಿಗುವುದು ಕಷ್ಟ.

ಹಾಗಾಗಿ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್. ಒಂದೇ ಫೈಲ್, ಪೈಥಾನ್‌ ಜೊತೆಗೇ ಬರುತ್ತದೆ, ಬೇರೆ ಸರ್ವರ್ ಬೇಕಿಲ್ಲ. ಸಂಘದ ಗುಂಪಿನಿಂದ ಬರುವ ಕೆಲಸ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಟೇಬಲ್ ಕಟ್ಟುವುದು

ಒಂದೇ ಟೇಬಲ್, ನಾಲ್ಕು ಕಾಲಂ: ಪ್ಲಗಿನ್, ಕೀ, ಮೌಲ್ಯ, ಬದಲಾದ ಸಮಯ. ಮೊದಲ ಮೂರು ಪಠ್ಯ, ಕೊನೆಯದು ಪೂರ್ಣಾಂಕ. ಪ್ಲಗಿನ್ ಮತ್ತು ಕೀ ಎರಡೂ ಸೇರಿ ಪ್ರೈಮರಿ ಕೀ, ಅಂದರೆ ಒಂದು ಜೋಡಿಗೆ ಒಂದೇ ಸಾಲು. ಹೀಗಿದ್ದರೆ ‘ಜೊತೆ’ ಪ್ಲಗಿನ್ನಿನ ‘ಪಟ್ಟಿ’ ಎಂಬ ಕೀ ‘ವಂತಿಗೆ’ಯ ‘ಪಟ್ಟಿ’ಯನ್ನು ಅಳಿಸದು. ಮೌಲ್ಯವನ್ನು ಜೇಸನ್ ಪಠ್ಯವಾಗಿ ಇಡಿ. ಆಗ ಐದು ವರ್ಷದ ಮೇಲೂ ಕಣ್ಣಲ್ಲಿ ಓದಬಹುದು, ಬೇರೆ ಭಾಷೆಯ ಪ್ರೋಗ್ರಾಮಿನಿಂದಲೂ ತೆರೆಯಬಹುದು.

ಫೈಲ್ ತೆರೆದ ಕೂಡಲೇ ಜರ್ನಲ್ ಮೋಡನ್ನು ವಾಲ್‌ಗೆ (ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಲಾಗ್ ಫೈಲಿಗೆ ಬರೆಯುವ ಬಗೆಗೆ) ಬದಲಿಸಿ. ಒಬ್ಬರು ಬರೆಯುವಾಗ ಉಳಿದವರು ಓದಬಹುದು. ಸಿಂಕ್ರೊನಸ್ ಸೆಟ್ಟಿಂಗನ್ನು ‘ನಾರ್ಮಲ್’ಗೆ ಇಳಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ವಾಲ್ ಮೋಡಿನಲ್ಲಿ ಹಾಗೆ ಮಾಡಿದರೆ ಕರೆಂಟ್ ಹೋದಾಗ ಫೈಲ್ ಕೆಡುವುದಿಲ್ಲ, ನಿಜ. ಆದರೆ ಕೊನೆಯ ಕೆಲವು ಬರಹಗಳು ಕಾಣೆಯಾಗಬಹುದು. ಹಣದ ವಿಷಯ ಇರುವಲ್ಲಿ ‘ಫುಲ್’ ಎಂದೇ ಬಿಡಿ. ದಿನಕ್ಕೆ ನೂರು ಬರಹಕ್ಕೆ ವೇಗದ ಚಿಂತೆ ಏಕೆ?

ಬರೆಯಲು ‘ಇನ್ಸರ್ಟ್’ ಜೊತೆ ‘ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್’ ಬಳಸಿ. ಇದು 2018ರ 3.24 ಆವೃತ್ತಿಯಿಂದ ಇದೆ. ‘ಇನ್ಸರ್ಟ್ ಆರ್ ರಿಪ್ಲೇಸ್’ ಒಂದೇ ರೀತಿ ಕಂಡರೂ ಹಳೆಯ ಸಾಲನ್ನು ಅಳಿಸಿ ಹೊಸದು ಹಾಕುತ್ತದೆ. ಮುಂದೆ ‘ಮೊದಲು ಸೇರಿದ ದಿನ’ ಎಂಬ ಕಾಲಂ ಸೇರಿಸಿದ ದಿನ ಇದರ ಪೆಟ್ಟು ಗೊತ್ತಾಗುತ್ತದೆ.

ಪ್ಲಗಿನ್ ಬರೆಯುವವರಿಗೆ ಐದೇ ಕರೆ ಕೊಡಿ: ಪಡೆ, ಇಡು, ಅಳಿಸು, ಪಟ್ಟಿ, ಬದಲಿಸು. ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಅವರ ಕಣ್ಣಿಗೆ ಬೀಳಬಾರದು. ಪ್ರತಿ ಪ್ಲಗಿನ್‌ಗೂ ಅದರ ಹೆಸರು ಮೊದಲೇ ತುಂಬಿದ ಸಂಗ್ರಹವನ್ನೇ ಕೈಗೆ ಕೊಡಿ. ಇನ್ನೊಂದು ಪ್ಲಗಿನ್‌ನ ಹೆಸರು ಹಾಕುವ ದಾರಿಯೇ ಇಲ್ಲದಿದ್ದರೆ ತಪ್ಪೂ ಆಗದು.

‘ಇಡು’ವಿನ ಕೊನೆಯಲ್ಲಿ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಆದೇಶ) ಇದೆಯೇ ನೋಡಿಕೊಳ್ಳಿ. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ಬರೆಯುವ ಮೊದಲು ತಾನೇ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯಬೇಕಾದ ಬದಲಾವಣೆಗಳ ಕಂತೆ) ತೆರೆಯುತ್ತದೆ, ಆದರೆ ತಾನೇ ಮುಚ್ಚುವುದಿಲ್ಲ. ಕಮಿಟ್ ಮರೆತರೆ ಅದೇ ಕನೆಕ್ಷನ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ರೀಸ್ಟಾರ್ಟ್ ಆದ ಮೇಲೆ ಮಾತ್ರ ಏನೂ ಇರುವುದಿಲ್ಲ. ಇನ್ನೊಂದು ಕನೆಕ್ಷನ್ ಬರೆಯಲು ಬಂದರೆ 5 ಸೆಕೆಂಡ್ ಕಾದು ‘ಡೇಟಾಬೇಸ್ ಈಸ್ ಲಾಕ್ಡ್’ ಎನ್ನುತ್ತದೆ. ಈ ಸಂದೇಶ ಕಂಡಾಗ ಕಾಯುವ ಅವಧಿ ಹೆಚ್ಚಿಸುವ ಮೊದಲು ಮರೆತ ಕಮಿಟ್ ಹುಡುಕಿ.

ಒಂದು ಸಂಗತಿಗೆ ಒಂದು ಕೀ

ಹೊಸಬರು ‘ವಂತಿಗೆ’ಗೆ ಒಂದೇ ಕೀ ಇಟ್ಟು, ಅದರೊಳಗೆ ಇಡೀ ಸಂಘದ ದೊಡ್ಡ ಡಿಕ್ಷನರಿ ತುಂಬುತ್ತಾರೆ. ಅಲ್ಲಿಂದ ಮೂರು ತೊಂದರೆ ಹುಟ್ಟುತ್ತವೆ.

ಒಂದನೆಯದು, ಬದಲಾದದ್ದು ಡಿಸ್ಕಿಗೆ ಹೋಗುವುದಿಲ್ಲ. ಸಂಗ್ರಹದಿಂದ ಪಟ್ಟಿಯನ್ನು ಪಡೆದು ಅದಕ್ಕೊಂದು ಹೆಸರು ಸೇರಿಸಿದರೆ, ಸೇರುವುದು ರ‍್ಯಾಮ್‌ನಲ್ಲಿರುವ ಪ್ರತಿಗೆ. ಮತ್ತೆ ‘ಇಡು’ ಎನ್ನುವವರೆಗೆ ಡಿಸ್ಕಿಗೆ ಸುದ್ದಿಯೇ ಇಲ್ಲ. ಶೆಲ್ವ್‌ನಲ್ಲೂ ಇದೇ ಕತೆ. ಅದರ ‘ರೈಟ್‌ಬ್ಯಾಕ್’ ಹಾಕಿದರೆ ಮುಟ್ಟಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಮುಚ್ಚುವಾಗ ಒಟ್ಟಿಗೆ ಬರೆಯುತ್ತದೆ, ಆದರೆ ಕರೆಂಟ್ ಹೋದರೆ ಮುಚ್ಚುವ ಹೊತ್ತು ಬರುವುದೇ ಇಲ್ಲ. ಎರ್‌ಬಾಟ್‌ ಎಂಬ ಪೈಥಾನ್ ಚೌಕಟ್ಟಿನಲ್ಲಿ ಪ್ಲಗಿನ್ನೇ ಡಿಕ್ಷನರಿಯಂತೆ ವರ್ತಿಸುತ್ತದೆ: ಕೀಗೆ ಮೌಲ್ಯ ಹಾಕಿದ ಕೂಡಲೇ ಉಳಿಯುತ್ತದೆ, ಒಳಗಿನ ಪಟ್ಟಿಯನ್ನು ತಿದ್ದಿದರೆ ಉಳಿಯುವುದಿಲ್ಲ. ತಿದ್ದಲಿಕ್ಕೆಂದೇ ಅಲ್ಲಿ ‘ಮ್ಯೂಟಬಲ್’ ಎಂಬ ವಿಧಾನ ಇದೆ. ಅದರ ಬ್ಲಾಕಿನಿಂದ ಹೊರಬರುವಾಗ ತಾನೇ ಬರೆಯುತ್ತದೆ. ನಮ್ಮ ‘ಬದಲಿಸು’ ಕರೆಯ ಕೆಲಸವೂ ಅದೇ.

ಎರಡನೆಯದು, ಬಾಟ್ ತೋರಿಸುವ ಗುಂಡಿಯನ್ನು ಇಬ್ಬರು ಒಟ್ಟಿಗೆ ಒತ್ತಿದಾಗ ಒಬ್ಬರದು ಅಳಿಸಿಹೋಗುತ್ತದೆ. ಮೊದಲನೆಯವರ ಸಲುವಾಗಿ ಪಟ್ಟಿ ಓದಿಯಾಯಿತು. ಬರೆಯುವ ಮೊದಲು ಎರಡನೆಯವರ ಸಲುವಾಗಿ ಅದೇ ಹಳೆಯ ಪಟ್ಟಿ ಓದಿಯಾಯಿತು. ಕೊನೆಗೆ ಬರೆದದ್ದು ಗೆಲ್ಲುತ್ತದೆ. ಥ್ರೆಡ್ ಇಲ್ಲ, ಎಲ್ಲ ಅಸಿಂಕ್ (ಒಂದೇ ದಾರದಲ್ಲಿ ಸರದಿಯಂತೆ ನಡೆಯುವ ಕೆಲಸ) ಎಂದು ನಿಶ್ಚಿಂತೆಯಾಗಿರಬೇಡಿ. ಓದು ಮತ್ತು ಬರಹದ ನಡುವೆ ಕಾಯಲು ಹೇಳುವ ಒಂದು ‘ಅವೇಟ್’ ಇದ್ದರೆ ಸಾಕು, ಸರದಿ ಇನ್ನೊಬ್ಬರಿಗೆ ಹೋಗುತ್ತದೆ. ಓದಿ ತಿದ್ದಿ ಬರೆಯಲೇಬೇಕಾದಲ್ಲಿ ‘ಬಿಗಿನ್ ಇಮ್ಮಿಡಿಯೇಟ್’ನಿಂದ ಆರಂಭಿಸಿ, ಬರೆಯುವ ಬೀಗವನ್ನು ಓದುವ ಮೊದಲೇ ಹಿಡಿಯಿರಿ.

ಮೂರನೆಯದು, ಒಂದೇ ಸಂದೇಶ ಎರಡು ಸಲ ಬರುತ್ತದೆ. ವೆಬ್‌ಹುಕ್‌ನಲ್ಲಿ (ಟೆಲಿಗ್ರಾಮ್ ತಾನೇ ನಿಮ್ಮ ಸರ್ವರ್‌ಗೆ ಸಂದೇಶ ತಲುಪಿಸುವ ಬಗೆಯಲ್ಲಿ) ನಿಮ್ಮ ಸರ್ವರ್ ಯಶಸ್ಸಿನ ಉತ್ತರ ಕೊಡದಿದ್ದರೆ ಟೆಲಿಗ್ರಾಮ್ ಅದನ್ನೇ ತಿರುಗಿ ಕಳಿಸುತ್ತದೆ. ‘ಎಷ್ಟು ಮಂದಿ ಬರುತ್ತಾರೆ’ ಎಂಬ ಎಣಿಕೆಗೆ ಒಂದು ಕೂಡಿಸುವ ಕೋಡ್ ಇದ್ದರೆ ಊಟಕ್ಕೆ ಇಲ್ಲದವರ ಎಲೆಯೂ ಹಾಕಬೇಕಾಗುತ್ತದೆ.

ಮೂರಕ್ಕೂ ಮದ್ದು ಒಂದೇ. ದೊಡ್ಡ ಡಿಕ್ಷನರಿ ಒಡೆದು, ಪ್ರತಿ ಸಂಗತಿಗೂ ಅದರದೇ ಕೀ ಕೊಡಿ: ಗುಂಪು, ಕೋಲನ್, ತಿಂಗಳು, ಕೋಲನ್, ಸದಸ್ಯರ ಸಂಖ್ಯೆ. ‘7:2025-08:’ ಎಂದು ಶುರುವಾಗಿ ಸದಸ್ಯರ ಸಂಖ್ಯೆಯಲ್ಲಿ ಮುಗಿಯುವ ಕೀ, ಎದುರಿಗೆ ಮೊತ್ತ. ಇಬ್ಬರು ಒಟ್ಟಿಗೆ ಒತ್ತಿದರೆ ಎರಡು ಬೇರೆ ಸಾಲು, ಜಗಳವಿಲ್ಲ. ಒಂದೇ ಒತ್ತು ಎರಡು ಸಲ ಬಂದರೆ ಅದೇ ಸಾಲಿನಲ್ಲಿ ಅದೇ ಮೊತ್ತ, ತಪ್ಪಿಲ್ಲ. ಎಣಿಕೆ ಬೇಕಾದಾಗ ಸಾಲುಗಳನ್ನು ಎಣಿಸಿದರಾಯಿತು.

ಆಗಸ್ಟ್ ತಿಂಗಳದ್ದೆಲ್ಲ ಬೇಕೆಂದರೆ ‘ಪಟ್ಟಿ’ ಕರೆ. ಇದಕ್ಕೆ ಮಾದರಿ ಹೊಂದಿಸಿ ಹುಡುಕುವ ‘ಲೈಕ್’ ಬಳಸಬೇಡಿ. ಅದರಲ್ಲಿ ಅಂಡರ್‌ಸ್ಕೋರ್ ಎಂದರೆ ಯಾವುದೇ ಒಂದು ಅಕ್ಷರ, ಕೀಯಲ್ಲಿ ಅಂಡರ್‌ಸ್ಕೋರ್ ಇದ್ದರೆ ಬೇಡದ್ದೂ ಬರುತ್ತದೆ. ಬದಲಿಗೆ ‘7:2025-08:’ಗೆ ಸಮ ಅಥವಾ ಹೆಚ್ಚು, ‘7:2025-08;’ಗಿಂತ ಕಡಿಮೆ ಎಂದು ಕೇಳಿ. ಕೋಲನ್ನಿನ ಸಂಕೇತ ಸಂಖ್ಯೆ 58, ಸೆಮಿಕೋಲನ್ನಿನದು 59, ಹಾಗಾಗಿ ಆ ಮುಂಭಾಗವುಳ್ಳ ಸಾಲುಗಳು ಮಾತ್ರ ಸಿಗುತ್ತವೆ. ಹುಡುಕಾಟಕ್ಕೆ ಪ್ರೈಮರಿ ಕೀಯ ಇಂಡೆಕ್ಸೂ ಒದಗುತ್ತದೆ. ತಿಂಗಳನ್ನು ವರ್ಷ ಮೊದಲು, ಎರಡಂಕಿಯಲ್ಲಿ ಬರೆಯುವುದೂ ಇದಕ್ಕಾಗಿಯೇ. ಪಠ್ಯದ ಲೆಕ್ಕದಲ್ಲಿ ‘10’ ಬರುವುದು ‘9’ಕ್ಕಿಂತ ಮೊದಲು.

ಕನ್ನಡ ಅಕ್ಷರ ಕೀಯೊಳಗೆ ಬಂದಾಗ

ಈ ಭಾಗವನ್ನು ಹೊರಗಿನವರ ಮಾರ್ಗದರ್ಶಿಗಳು ಮುಟ್ಟುವುದಿಲ್ಲ, ಆದರೆ ನಮ್ಮ ಗುಂಪುಗಳಲ್ಲಿ ಹೆಚ್ಚು ಕಾಟ ಕೊಡುವುದು ಇದೇ. ‘ಡೊಂಬಿವಲಿ’ ಎಂಬ ಪದದ ‘ಡೊ’ದಲ್ಲಿರುವ ಒತ್ವವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿ. ಮೊದಲನೆಯದರಲ್ಲಿ ಇಡೀ ಪದ 8 ಸಂಕೇತ, ಎರಡನೆಯದರಲ್ಲಿ 9. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಬೇರೆ ಬೇರೆ ಕೀ. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇದೇ ಪಾಡು. ಕೀ ಮಾಡುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ) ತನ್ನಿ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ‘ನಾರ್ಮಲೈಸ್’ ಒಂದೇ ಸಾಲಿನ ಕೆಲಸ.

ಎನ್‌ಎಫ್‌ಸಿ ಮುಟ್ಟದ ಇನ್ನೊಂದು ಇದೆ: ‘ಬಸ್‌ಸ್ಟ್ಯಾಂಡ್’ ಎಂಬಲ್ಲಿ ಅಕ್ಷರಗಳನ್ನು ಬಿಡಿಸಲು ನಡುವೆ ಕೂರುವ, ಕಣ್ಣಿಗೆ ಕಾಣದ ಜೋಡಣೆ ತಡೆ. ಒಬ್ಬರ ಕೀಬೋರ್ಡ್ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಕೀಯಲ್ಲಿ ಅದನ್ನು ತೆಗೆದುಹಾಕಿ. ಮೌಲ್ಯದಲ್ಲಿ ಮಾತ್ರ ಬರೆದವರು ಬರೆದಂತೆಯೇ ಇರಲಿ, ಇಲ್ಲದಿದ್ದರೆ ತೋರಿಸುವಾಗ ಒತ್ತಕ್ಷರ ವಿಕಾರವಾಗುತ್ತದೆ. ಕನ್ನಡ ಅಂಕಿಗಳೂ ಹಾಗೆ. ‘೫’ ಮತ್ತು ‘5’ ಪಠ್ಯವಾಗಿ ಬೇರೆ. ಪೈಥಾನ್‌ನ ಪೂರ್ಣಾಂಕ ಪರಿವರ್ತನೆ ಎರಡನ್ನೂ ಐದು ಎಂದೇ ಓದುತ್ತದೆ, ಆದ್ದರಿಂದ ಸಂಖ್ಯೆಯನ್ನು ಮೊದಲು ಪೂರ್ಣಾಂಕ ಮಾಡಿ ಆಮೇಲೆ ಕೀಗೆ ಸೇರಿಸಿ.

ಊರಿನ ಹೆಸರುಗಳಿಗೆ ಇಷ್ಟೂ ಸಾಲದು. ಮುಂಬಯಿ, ಪುಣೆ ಗುಂಪಿನಲ್ಲಿ ಒಂದೇ ಊರನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ, ಮೂರನೆಯವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಗೋವಾದವರಿಗೆ ಮಡಗಾಂವ್, ಮಡ್ಗಾಂವ್, ಮಾರ್ಗಾವ್ ಎಲ್ಲ ಒಂದೇ. ‘ಜೊತೆ’ ಪ್ಲಗಿನ್‌ಗೆ ರೈಲ್ವೆಯ ನಿಲ್ದಾಣ ಸಂಕೇತವನ್ನೇ ಕೀ ಮಾಡಿ: ಡೊಂಬಿವಲಿಗೆ ಡಿಐ, ಕಲ್ಯಾಣಕ್ಕೆ ಕೆವೈಎನ್, ಮಡಗಾಂವ್‌ಗೆ ಎಂಎಒ, ವಾಸ್ಕೋಗೆ ವಿಎಸ್‌ಜಿ. ಬರೆಯುವ ರೂಪಗಳನ್ನೆಲ್ಲ ಈ ಸಂಕೇತಕ್ಕೆ ಒಯ್ಯುವ ಅಡ್ಡಹೆಸರಿನ ಪಟ್ಟಿ ಪ್ರತ್ಯೇಕ ಸಾಲುಗಳಲ್ಲಿರಲಿ. ಹೊಸ ರೂಪ ಕಂಡಾಗ ಪಟ್ಟಿಗೊಂದು ಸಾಲು, ಕೋಡ್ ಮುಟ್ಟಬೇಕಿಲ್ಲ.

ಗಾತ್ರದ ಲೆಕ್ಕವೂ ಇರಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್. ಟೆಲಿಗ್ರಾಮ್ ಗುಂಡಿಯ ಹಿಂದೆ ಅಡಗಿಸಿಡುವ ಮಾಹಿತಿಗೆ 64 ಬೈಟ್ ಮಿತಿ, ಅಂದರೆ ಕನ್ನಡದ 21 ಸಂಕೇತ. ಗುಂಡಿಯಲ್ಲಿ ಪಠ್ಯ ತುರುಕದೆ, ಸಂಗ್ರಹದ ಚಿಕ್ಕ ಕೀಯನ್ನು ಮಾತ್ರ ಇಡಿ. ಪೈಥಾನ್‌ನ ಜೇಸನ್ ತಾನಾಗಿ ಕನ್ನಡವನ್ನು ಬ್ಯಾಕ್‌ಸ್ಲ್ಯಾಶ್–ಯು ರೂಪಕ್ಕೆ ತಿರುಗಿಸಿ ಪ್ರತಿ ಸಂಕೇತಕ್ಕೆ 6 ಬೈಟ್ ತಿನ್ನುತ್ತದೆ. ‘ಎನ್‌ಶೂರ್ ಆಸ್ಕಿ’ ಎಂಬುದನ್ನು ಫಾಲ್ಸ್ ಮಾಡಿದರೆ ಗಾತ್ರ ಅರ್ಧವಾಗುತ್ತದೆ, ಫೈಲ್ ತೆರೆದು ನೋಡಿದರೆ ಕನ್ನಡವೇ ಕಾಣುತ್ತದೆ. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ.

ಯಾರು, ಯಾವ ಗುಂಪು

ಸದಸ್ಯರನ್ನು ಯೂಸರ್‌ನೇಮ್‌ನಿಂದ ಗುರುತಿಸಬೇಡಿ. ಅದನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು. ಸಂಖ್ಯೆ ಬದಲಾಗದು. ಆ ಸಂಖ್ಯೆ 32 ಬಿಟ್ ಮೀರಬಹುದು, 52 ಬಿಟ್‌ವರೆಗೂ ಹೋಗಬಹುದು. ಎಸ್‌ಕ್ಯೂಲೈಟ್‌ಗೆ ಚಿಂತೆಯಿಲ್ಲ, ಬೇರೆ ಡೇಟಾಬೇಸಿನಲ್ಲಿ ಸಾಧಾರಣ ಪೂರ್ಣಾಂಕ ಕಾಲಂ ಮಾಡಿದವರಿಗೆ ಇದೆ.

ಗುಂಪಿನ ಸಂಖ್ಯೆ ಮಾತ್ರ ಮೋಸ ಮಾಡುತ್ತದೆ. ಸಾಧಾರಣ ಗುಂಪು 200 ಮಂದಿ ದಾಟಿದಾಗ, ಅಥವಾ ಅದಕ್ಕೆ ಸಾರ್ವಜನಿಕ ಲಿಂಕ್ ಕೊಟ್ಟಾಗ, ಟೆಲಿಗ್ರಾಮ್ ಅದನ್ನು ಸೂಪರ್‌ಗ್ರೂಪ್ ಮಾಡುತ್ತದೆ. ಸದಸ್ಯರ ಕಣ್ಣಿಗೆ ಏನೂ ಬದಲಾಗಿಲ್ಲ, ಬಾಟ್‌ಗೆ ಮಾತ್ರ ಅದು –100ರಿಂದ ಶುರುವಾಗುವ ಹೊಸ ಸಂಖ್ಯೆಯ ಹೊಸ ಗುಂಪು. ಹಳೆಯ ವಂತಿಗೆಯೆಲ್ಲ ಫೈಲಿನಲ್ಲೇ ಇದೆ, ಆದರೆ ಯಾರೂ ಕೇಳದ ಕೀಯ ಕೆಳಗೆ. ಇದನ್ನು ತಪ್ಪಿಸಲು ಪ್ರತಿ ಗುಂಪಿಗೆ ನಿಮ್ಮದೇ ಚಿಕ್ಕ ಸಂಖ್ಯೆ ಕೊಡಿ. ಮೇಲಿನ ಕೀಯಲ್ಲಿದ್ದ 7 ಅಂಥದ್ದು. ಟೆಲಿಗ್ರಾಮ್ ಸಂಖ್ಯೆಯಿಂದ 7ಕ್ಕೆ ಒಯ್ಯುವ ಸಾಲು ಒಂದೇ ಕಡೆ ಇರಲಿ. ಗುಂಪು ಬದಲಾದಾಗ ‘ಮೈಗ್ರೇಟ್ ಟು ಚಾಟ್ ಐಡಿ’ ಎಂಬ ಅಂಶವುಳ್ಳ ಸಂದೇಶ ಬರುತ್ತದೆ. ಅದು ಬಂದಾಗ ಆ ಒಂದು ಸಾಲು ತಿದ್ದಿದರೆ ಮುಗಿಯಿತು. ಬಾಟ್ 24 ಗಂಟೆಗಿಂತ ಹೆಚ್ಚು ಮಲಗಿದ್ದರೆ ಸಂದೇಶ ಕೈತಪ್ಪಬಹುದು, ಟೆಲಿಗ್ರಾಮ್ ಅದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕೈಯಿಂದ ಜೋಡಿಸುವ ಒಂದು ಕಮಾಂಡೂ ಅಡ್ಮಿನ್‌ಗೆ ಇರಲಿ.

ಹಣ ಪೈಸೆಯಲ್ಲಿ, ಪೂರ್ಣಾಂಕವಾಗಿ. ಸಮಯ ಯುಟಿಸಿ (ಜಾಗತಿಕ ಪ್ರಮಾಣ ವೇಳೆ) ಸೆಕೆಂಡುಗಳಲ್ಲಿ. ಆದರೆ ಕೀಯೊಳಗಿನ ದಿನಾಂಕವನ್ನು ಭಾರತದ ವೇಳೆಗೆ ತಿರುಗಿಸಿಯೇ ಮಾಡಿ. ಇಲ್ಲದಿದ್ದರೆ ಸರ್ವರ್‌ನಲ್ಲಿ ದಿನ ಬದಲಾಗುವುದು ಬೆಳಗಿನ 5:30ಕ್ಕೆ. ಮಧ್ಯರಾತ್ರಿ ಕಳೆದು 1ನೇ ತಾರೀಖು ಆದ ಮೇಲೆ ಕೊನೆಯ ಲೋಕಲ್ ಇಳಿದು ವಂತಿಗೆ ಹಾಕಿದವರದು ಹಿಂದಿನ ತಿಂಗಳಿಗೆ ಸೇರಿಬಿಡುತ್ತದೆ.

ಫೈಲ್ ಇರುವ ಜಾಗ

ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿಡುವ ಸಾಧನದಲ್ಲಿ) ಓಡಿಸುವಾಗ ಡೇಟಾ ಕಂಟೇನರಿನ ಒಳಗಿದ್ದರೆ ಹೊಸ ಆವೃತ್ತಿ ಹಾಕಿದ ದಿನ ಹೋಗುತ್ತದೆ. ವಾಲ್ಯೂಮ್, ಅಂದರೆ ಕಂಟೇನರಿನ ಹೊರಗೆ ಉಳಿಯುವ ಜಾಗ ಕೊಡಿ. ಕೊಡುವಾಗ ಫೈಲನ್ನಲ್ಲ, ಫೋಲ್ಡರನ್ನು ಕೊಡಿ. ವಾಲ್ ಮೋಡಿನಲ್ಲಿ ಮುಖ್ಯ ಫೈಲಿನ ಪಕ್ಕದಲ್ಲೇ ‘ವಾಲ್’, ‘ಎಸ್‌ಎಚ್‌ಎಂ’ ಎಂಬ ಬಾಲದ ಎರಡು ಫೈಲ್ ಹುಟ್ಟುತ್ತವೆ. ಒಂದೇ ಫೈಲನ್ನು ಜೋಡಿಸಿದರೆ ಇವೆರಡು ಕಂಟೇನರಿನ ಜೊತೆ ಕಸಕ್ಕೆ ಹೋಗುತ್ತವೆ, ಇತ್ತೀಚಿನ ಬರಹ ಇರುವುದೇ ‘ವಾಲ್’ ಫೈಲಿನಲ್ಲಿ. ನೆಟ್‌ವರ್ಕ್ ಡ್ರೈವಿನ ಮೇಲೆ ವಾಲ್ ಕೆಲಸ ಮಾಡದು. ಕೆಲವು ಕ್ಲೌಡ್ ಸೇವೆಗಳ ಡಿಸ್ಕ್ ಪ್ರತಿ ರೀಸ್ಟಾರ್ಟ್‌ಗೆ ಹೊಸದಾಗುತ್ತದೆ. ಹೆರೋಕು ಎಂಬ ಸೇವೆಯಲ್ಲಿ ಇದು ದಿನಕ್ಕೊಮ್ಮೆಯಾದರೂ ಆಗುತ್ತದೆ, ಅಲ್ಲಿ ಹೊರಗಿನ ಡೇಟಾಬೇಸ್ ಬೇಕೇ ಬೇಕು.

ಮನೆಯ ಪೈ ಆದರೆ ಎಸ್‌ಡಿ ಕಾರ್ಡ್ ಮೇಲೆ ಡೇಟಾ ಇಡದೆ ಸಣ್ಣ ಎಸ್‌ಎಸ್‌ಡಿ ಹಾಕಿ. ಪುಣೆಯಲ್ಲಿ ದುರಸ್ತಿಗೆಂದು ಗುರುವಾರ ಕರೆಂಟ್ ತೆಗೆಯುವ ಬಡಾವಣೆಯಲ್ಲಿದ್ದರೆ ರೂಟರ್‌ಗೂ ಪೈಗೂ ಸೇರಿ ಒಂದು ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು.

ಬ್ಯಾಕಪ್‌ಗೆ ಓಡುತ್ತಿರುವ ಫೈಲನ್ನು ಸುಮ್ಮನೆ ಕಾಪಿ ಮಾಡಬೇಡಿ. ವಾಲ್ ಫೈಲ್ ಬಿಟ್ಟುಹೋಗುತ್ತದೆ, ಅಥವಾ ನಡುವೆ ಬದಲಾಗಿ ಪ್ರತಿ ಕೆಡುತ್ತದೆ. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆದೇಶ ಅಥವಾ ‘ವ್ಯಾಕ್ಯೂಮ್ ಇನ್‌ಟು’ ಬಳಸಿ, ಬಾಟ್ ನಿಲ್ಲಿಸಬೇಕಿಲ್ಲ. ರಾತ್ರಿ 3ಕ್ಕೆ ಒಮ್ಮೆ, ವಾರದ ದಿನದ ಹೆಸರಿನಲ್ಲಿ ಏಳು ಫೈಲ್, ಬೇರೆ ಯಂತ್ರಕ್ಕೆ. ತಿಂಗಳಿಗೊಮ್ಮೆ ಒಂದನ್ನು ತೆರೆದು ‘ಇಂಟೆಗ್ರಿಟಿ ಚೆಕ್’ ಓಡಿಸಿ, ಸಾಲುಗಳನ್ನು ಎಣಿಸಿ.

ಪರೀಕ್ಷೆ

ಬಾಟ್ ಓಡುತ್ತಿರುವಾಗ ಒಂದು ವಂತಿಗೆ ಹಾಕಿ, ‘ಉಳಿಯಿತು’ ಎಂಬ ಉತ್ತರ ಬಂದ ಮರುಕ್ಷಣ ಪ್ರೋಸೆಸ್ಸನ್ನು ‘ಕಿಲ್’ ಆದೇಶಕ್ಕೆ 9ನೇ ಸಂಕೇತ ಕೊಟ್ಟು ಕೊಲ್ಲಿ. ಮತ್ತೆ ಎಬ್ಬಿಸಿ ನೋಡಿ. ಆ ವಂತಿಗೆ ಉಳಿದಿಲ್ಲದಿದ್ದರೆ ಕಮಿಟ್‌ಗೆ ಮೊದಲೇ ಉತ್ತರ ಹೋಗುತ್ತಿದೆ, ಅಥವಾ ನೀವು ಬಳಸುವ ಲೈಬ್ರರಿ ಗುಡ್ಡೆ ಹಾಕಿ ಬರೆಯುತ್ತಿದೆ. ಪೈಥಾನ್-ಟೆಲಿಗ್ರಾಮ್-ಬಾಟ್ ಲೈಬ್ರರಿಯ ಪಿಕಲ್ ಸಂಗ್ರಹ ತಾನಾಗಿ ಬರೆಯುವುದು 60 ಸೆಕೆಂಡಿಗೊಮ್ಮೆ. ಮೆತ್ತಗೆ ನಿಲ್ಲಿಸಿದರೆ ಅದೂ ಸರಿಯಾಗಿ ಉಳಿಸುತ್ತದೆ, ಆದ್ದರಿಂದ ಮೆತ್ತಗೆ ನಿಲ್ಲಿಸಿ ಪರೀಕ್ಷಿಸಿ ಪ್ರಯೋಜನವಿಲ್ಲ. ಆಮೇಲೆ ಇಬ್ಬರು ಸದಸ್ಯರಿಗೆ ಒಟ್ಟಿಗೆ ಗುಂಡಿ ಒತ್ತಲು ಹೇಳಿ, ಎರಡೂ ಸಾಲು ಇವೆಯೇ ನೋಡಿ. ಬಾಟ್‌ನ ಎರಡು ಪ್ರತಿ ತಪ್ಪಿ ಓಡುತ್ತಿದ್ದರೆ ಟೆಲಿಗ್ರಾಮ್ 409 ಎಂಬ ಎರರ್ ಕೊಡುತ್ತದೆ. ಅದನ್ನು ನುಂಗಿಕೊಳ್ಳದೆ ಲಾಗ್‌ನಲ್ಲಿ ಬರೆಸಿ.

ಸಂಘ ಬಿಟ್ಟುಹೋದವರು ತಮ್ಮ ವಿವರ ಅಳಿಸಿ ಎಂದರೆ ಏನು ಮಾಡುವಿರಿ ಎಂಬುದೂ ಈಗಲೇ ತೀರ್ಮಾನವಾಗಲಿ. ಫೋನ್ ನಂಬರ್, ಮನೆ ವಿಳಾಸಗಳನ್ನು ಸಂಗ್ರಹಕ್ಕೆ ಹಾಕಲೇ ಬೇಡಿ, ವಂತಿಗೆಗೆ ಅವು ಬೇಕಾಗಿಲ್ಲ. ಸದಸ್ಯರ ಸಂಖ್ಯೆ ಕೀಯ ಕೊನೆಯಲ್ಲಿರುವುದರಿಂದ ಒಬ್ಬರದನ್ನೆಲ್ಲ ಹುಡುಕಲು ಇಡೀ ಟೇಬಲ್ ಓದಬೇಕು. ಕೆಲವು ಸಾವಿರ ಸಾಲಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ರಾತ್ರಿಯ ಏಳು ಬ್ಯಾಕಪ್‌ಗಳಲ್ಲಿ ಅವರ ಸಾಲು ಇನ್ನೊಂದು ವಾರ ಉಳಿದಿರುತ್ತದೆ ಎಂಬುದನ್ನು ಮಾತ್ರ ಅವರಿಗೆ ಮೊದಲೇ ಹೇಳಿಬಿಡಿ.